ಐರಿಸ್ ಹೂವೂ ಶಿಡ್ಲಘಟ್ಟದ ಗೂಡೂ

ಹೋದ ದೀಪಾವಳಿಗೆ ಊರಿಗೆ ಹೋಗಿದ್ದಾಗ ಚಿಕ್ಕಪ್ಪನ ಮಗ ಲ್ಯಾಪ್‌ಟಾಪ್ ತಂದು ನನ್ನ ಮುಂದೆ ಇಟ್ಟ. ಹುಡುಗ ಬಿಇ ಮುಗಿಸಿ ಒಂದೂವರೆ ವರ್ಷ ಆಯ್ತು, ಕೆಲಸ ಸಿಕ್ಕಿಲ್ಲ. ಬೆಂಗಳೂರಲ್ಲಿ ಪಿಜಿಯಲ್ಲಿ ಇದ್ದುಕೊಂಡು ಮೂರು ತಿಂಗಳ ಎಐ-ಎಂಎಲ್ ಕೋರ್ಸ್ ಮಾಡಿದ್ದಾನೆ. ಫೀಸು 45,000 ರೂಪಾಯಿ. ಚಿಕ್ಕಪ್ಪ ಒಂದು ಬೆಳೆ ಗೂಡು ಮಾರಿ ಬಂದ ದುಡ್ಡನ್ನು ಹಾಗೇ ತೆಗೆದುಕೊಂಡು ಹೋಗಿ ಕಟ್ಟಿದ್ದಾರೆ.

"ಅಣ್ಣ, ನನ್ನ ಪ್ರಾಜೆಕ್ಟ್ ನೋಡು. ತೊಂಬತ್ತೇಳು ಪರ್ಸೆಂಟ್ ಆಕ್ಯುರಸಿ" ಅಂದ.

ನೋಡಿದೆ. ಐರಿಸ್ ಹೂವಿನ ಡೇಟಾ. ನಾಲ್ಕು ಅಳತೆ ಕೊಟ್ಟರೆ ಮೂರು ಜಾತಿಯಲ್ಲಿ ಯಾವುದು ಅಂತ ಹೇಳುತ್ತೆ.

"ಈ ಹೂವು ನೋಡಿದೀಯೇನೋ?"

"ಇಲ್ಲಣ್ಣ."

"ಸೆಪಲ್ ಅಂದ್ರೆ ಏನು?"

ಒಂದು ಕ್ಷಣ ಯೋಚನೆ ಮಾಡಿ, "ಅದು ಮೊದಲನೇ ಕಾಲಂ ಅಣ್ಣ" ಅಂದ.

ನಾನು ಜೋರಾಗಿ ನಕ್ಕೆ. ಅವನೂ ನಕ್ಕ. ಆಮೇಲೆ ಒಳಗಿಂದ ಚಿಕ್ಕಪ್ಪ ಕಾಫಿ ತಂದಿಟ್ಟು, "ಹೆಂಗಿದೆ, ಕೆಲಸ ಸಿಗುತ್ತಾ ಇದಕ್ಕೆ?" ಅಂತ ಕೇಳಿದಾಗ ಇಬ್ಬರ ನಗುವೂ ನಿಂತುಹೋಯ್ತು.

ನಕ್ಕಿದ್ದು ತಪ್ಪು. ಎಂಟು ವರ್ಷದ ಹಿಂದೆ ನಾನು ಶುರು ಮಾಡಿದ್ದೂ ಅದೇ ಹೂವಿನಿಂದ. ಸೆಪಲ್ ಅಂದರೆ ಪುಷ್ಪಪತ್ರ ಅಂತ ಏಳನೇ ಕ್ಲಾಸಿನ ವಿಜ್ಞಾನದ ಪುಸ್ತಕದಲ್ಲಿ ಓದಿದ್ದರೂ, ಸ್ಕ್ರೀನಿನ ಮೇಲೆ ನೋಡಿದಾಗ ಅದು ನನಗೂ ಒಂದು ಕಾಲಂ ಆಗಿಯೇ ಕಂಡಿತ್ತು. ಈ ವಿದ್ಯೆಯನ್ನು ಹೊಸಬರಿಗೆ ಕಲಿಸುವ ರೀತಿಯಲ್ಲೇ ಏನೋ ಒಂದು ಮುಚ್ಚಿಹೋಗುತ್ತಿದೆ ಅಂತ ಅವತ್ತಿಂದ ಅನ್ನಿಸುತ್ತಾ ಇದೆ. ಅದು ಏನು ಅಂತ ಹೇಳೋದಕ್ಕೆ ಈ ಬರಹ.

ಮೊದಲು ಆ ಹೂವಿನ ಕಥೆ. ಐರಿಸ್ ಡೇಟಾ ಅಂದರೆ 150 ಹೂವುಗಳ ಪಟ್ಟಿ, ಮೂರು ಜಾತಿ, ಒಂದೊಂದರದ್ದು 50. ರೊನಾಲ್ಡ್ ಫಿಶರ್ ಅನ್ನುವ ಸಂಖ್ಯಾಶಾಸ್ತ್ರಜ್ಞ 1936ರಲ್ಲಿ ತನ್ನ ಪ್ರಬಂಧದಲ್ಲಿ ಇದನ್ನು ಬಳಸಿಕೊಂಡ. ಪ್ರಬಂಧ ಬಂದಿದ್ದು 'ಆನಲ್ಸ್ ಆಫ್ ಯುಜೆನಿಕ್ಸ್' ಅನ್ನುವ ಪತ್ರಿಕೆಯಲ್ಲಿ. ಮನುಷ್ಯರ ತಳಿಯನ್ನು 'ಸುಧಾರಿಸುವ' ಶಾಸ್ತ್ರಕ್ಕೆ ಮೀಸಲಾಗಿದ್ದ ಪತ್ರಿಕೆ ಅದು, ಇದನ್ನು ಯಾವ ಕೋರ್ಸೂ ಮೊದಲ ದಿನ ಹೇಳೋದಿಲ್ಲ. ಇರಲಿ. ನನ್ನ ತಕರಾರು ಅದಕ್ಕಿಂತ ಸಣ್ಣದು. ಹೂವನ್ನು ಅಳೆದಿದ್ದು ಫಿಶರ್ ಅಲ್ಲ, ಎಡ್ಗರ್ ಆಂಡರ್ಸನ್ ಅನ್ನುವ ಸಸ್ಯಶಾಸ್ತ್ರಜ್ಞ. ಎರಡು ಜಾತಿಗಳನ್ನು ಆತ ಕೆನಡಾದ ಗಾಸ್ಪೆ ಅನ್ನುವ ಕಡೆ ಒಂದೇ ಹುಲ್ಲುಗಾವಲಿನಲ್ಲಿ, ಒಂದೇ ದಿನ ಕಿತ್ತು, ಒಂದೇ ಸಾಧನದಲ್ಲಿ ಅಳೆದಿದ್ದ. ಯಾವುದು ಯಾವ ಜಾತಿ ಅಂತ ಕಣ್ಣಲ್ಲೇ ಹೇಳಬಲ್ಲವನಾಗಿದ್ದ. ಅಂದರೆ ನಿಜವಾದ ವಿಂಗಡಣೆಯ ಕೆಲಸ ಆಂಡರ್ಸನ್ ಹೊಲದಲ್ಲೇ ಮುಗಿಸಿದ್ದ. ನಮ್ಮ ಹುಡುಗನಿಗೆ ಸಿಕ್ಕಿದ್ದು ಸೋಸಿ, ತೊಳೆದು, ಬಿಸಿಲಲ್ಲಿ ಒಣಗಿಸಿದ ಕಾಳು. ಆರು ಸಾಲಿನ ಕೋಡ್ ಬರೆದು ತೊಂಬತ್ತೇಳು ಪರ್ಸೆಂಟ್ ತೆಗೆಯೋದು ಅದನ್ನು ಡಬ್ಬಿಗೆ ತುಂಬಿದ ಹಾಗೆ.

ಇದೇ ತಕರಾರು ಮನೆ ಬೆಲೆಯ ಪಾಠದ ಮೇಲೂ ಇದೆ. ಆಂಡ್ರೂ ಎನ್‌ಜಿ 2011ರಲ್ಲಿ ಸ್ಟ್ಯಾನ್‌ಫರ್ಡಿನಿಂದ ಎಲ್ಲರಿಗೂ ಪುಕ್ಕಟೆಯಾಗಿ ಕಲಿಸಿದ ಮೆಷಿನ್ ಲರ್ನಿಂಗ್ ಕೋರ್ಸನ್ನು ನಾನು ಈಗಲೂ ಹೊಗಳುತ್ತೇನೆ. ತಪ್ಪನ್ನು ಕಡಿಮೆ ಮಾಡುತ್ತಾ ಹೋಗೋದು ಅಂದರೆ ಮಂಜು ಕವಿದ ಬೆಟ್ಟದಿಂದ ಕಾಲಲ್ಲಿ ಇಳಿಜಾರು ತಡಕಾಡಿಕೊಂಡು ಇಳಿದ ಹಾಗೆ. ಆತನ ಪಾಠ ಕೇಳಿದ ಮೇಲೆ ನನಗೆ ಅದು ಹಾಗೆ ಅರ್ಥ ಆಯ್ತು. ಬೆಳಗಿನ ಜಾವ ನಂದಿ ಬೆಟ್ಟ ನೋಡಿದವರಿಗೆ ಆ ಮಂಜನ್ನು ವಿವರಿಸಬೇಕಾಗಿಲ್ಲ. ಆದರೆ ಅಲ್ಲಿನ ಮೊದಲ ಉದಾಹರಣೆ ಅಮೆರಿಕದ ಪೋರ್ಟ್‌ಲ್ಯಾಂಡ್ ಊರಿನ ಮನೆಗಳ ವಿಸ್ತೀರ್ಣ ಮತ್ತು ಬೆಲೆ. ಅದನ್ನು ಮಾಡಿ ಮುಗಿಸಿದ ಹುರುಪಿನಲ್ಲಿ ನಾನು ಚಿಕ್ಕಬಳ್ಳಾಪುರದ ಸೈಟುಗಳಿಗೂ ಹಾಗೇ ಮಾಡೋಣ ಅಂತ ಹೊರಟೆ. ಅಪ್ಪನಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಯಾವ ಬೆಲೆ? ಕಾಗದದ್ದೋ, ಕೊಟ್ಟಿದ್ದೋ?"

ನಮ್ಮ ಕಡೆ ನೋಂದಣಿ ಕಾಗದದಲ್ಲಿ ಬರೆಯುವ ಬೆಲೆ ಬೇರೆ, ಕೈ ಬದಲಾಗುವ ದುಡ್ಡು ಬೇರೆ ಅಂತ ಯಾರಿಗೆ ಗೊತ್ತಿಲ್ಲ? ಮಾಡೆಲ್‌ಗೆ ಕಾಗದದ ಬೆಲೆ ತಿನ್ನಿಸಿದರೆ ಅದು ತುಂಬಾ ಶ್ರದ್ಧೆಯಿಂದ ಸುಳ್ಳನ್ನೇ ಕಲಿಯುತ್ತೆ. ಆಕ್ಯುರಸಿ ಚೆನ್ನಾಗೇ ಬರುತ್ತೆ, ಯಾಕಂದರೆ ಸುಳ್ಳಿಗೆ ಒಂದು ಕ್ರಮ ಇದೆ. ಎಷ್ಟೆಂದರೂ ಮಾರ್ಗಸೂಚಿ ಬೆಲೆ ನೋಡಿಕೊಂಡೇ ತಾನೆ ಬರೆಸೋದು! ಅಪ್ಪ ಹೈಸ್ಕೂಲು ದಾಟಿದವರಲ್ಲ. ಆದರೆ ಈ ವಿದ್ಯೆಯ ಅತಿ ಕಷ್ಟದ ಪ್ರಶ್ನೆಯನ್ನು ಚಾವಡಿಯಲ್ಲಿ ಕೂತು ಅರ್ಧ ನಿಮಿಷದಲ್ಲಿ ಕೇಳಿದರು.

ಆ ಪ್ರಶ್ನೆಯೇ ಲೇಬಲ್ ಪ್ರಶ್ನೆ. ಮಾಡೆಲ್‌ಗೆ 'ಇದು ಸರಿಯುತ್ತರ' ಅಂತ ನಾವು ತೋರಿಸುವ ಹಣೆಪಟ್ಟಿಗೆ ಲೇಬಲ್ ಅನ್ನುತ್ತಾರೆ. ಅದನ್ನು ಅಂಟಿಸಿದವರು ಯಾರು, ಏನು ನೋಡಿ ಅಂಟಿಸಿದರು, ಅಂಟಿಸಿದವರಿಗೆ ಅದರಲ್ಲಿ ಲಾಭ ನಷ್ಟ ಏನಾದರೂ ಇತ್ತಾ? ಹೊಸಬರ ಕೋರ್ಸುಗಳು ಈ ಮೂರನ್ನೂ ದಾಟಿಸಿಬಿಟ್ಟು ನಾಲ್ಕನೇ ಮೆಟ್ಟಿಲಿನಿಂದ ಶುರು ಮಾಡುತ್ತವೆ.

ಕನ್ನಡದ್ದೇ ಉದಾಹರಣೆ ಬೇಕು ಅನ್ನುವವರಿಗೆ ಒಂದು ಒಳ್ಳೆಯದು ಇದೆ. ಅದನ್ನು ಸ್ವಲ್ಪ ವಿವರವಾಗಿ ನೋಡಬೇಕು. 2019ರಲ್ಲಿ ವಿನಯ್ ಉದಯ್ ಪ್ರಭು ಅನ್ನುವವರು 'ಕನ್ನಡ-ಎಂನಿಸ್ಟ್' ಅನ್ನುವ ಡೇಟಾ ಹೊರತಂದರು. ಮೂಲ ಎಂನಿಸ್ಟ್ ಅಂದರೆ ಕೈಬರಹದ 0ಯಿಂದ 9ರವರೆಗಿನ ಅಂಕಿಗಳ 70,000 ಚಿತ್ರಗಳು. ಐರಿಸ್ ಆದ ಮೇಲೆ ಎಲ್ಲ ಕೋರ್ಸುಗಳೂ ಎಡತಾಕುವ ಎರಡನೇ ಕಲ್ಲು ಅದು. ಪ್ರಭು ಅವರು ಅದೇ ಅಳತೆಯಲ್ಲಿ ಕನ್ನಡದ ಅಂಕಿಗಳನ್ನು ಕೂಡಿಸಿದರು. ಬೆಂಗಳೂರಿನ 65 ಮಂದಿ ಸ್ವಯಂಸೇವಕರು ಒಬ್ಬೊಬ್ಬರೂ ಒಂದು ಎ3 ಹಾಳೆಯಲ್ಲಿ 32 ಸಾಲು 40 ಮನೆಯ ಚೌಕಗಳನ್ನು ತುಂಬಿಕೊಟ್ಟರು. ಅಂದರೆ ತಲಾ 1,280 ಅಂಕಿ. ಶಾಲೆಯಲ್ಲಿ ಇಂಪೊಸಿಷನ್ ಬರೆದವರಿಗೆ ಅದರ ಕೈನೋವು ಅರ್ಥ ಆಗುತ್ತೆ. ಅದೇ ವರ್ಷ ಕ್ಯಾಗಲ್‌ನಲ್ಲಿ ಇದರ ಮೇಲೆ ಒಂದು ಸ್ಪರ್ಧೆಯೂ ನಡೆಯಿತು. ಕನ್ನಡ ಅಂದರೆ ಏನು ಅಂತ ಗೊತ್ತಿಲ್ಲದ ಎಷ್ಟೋ ಮಂದಿ ೩ ಯಾವುದು ೭ ಯಾವುದು ಅಂತ ಮಾಡೆಲ್‌ಗಳಿಗೆ ಕಲಿಸಿದರು.

ನನಗೆ ಈ ಡೇಟಾದಲ್ಲಿ ಇಷ್ಟವಾದದ್ದು ಅದು ಕನ್ನಡ ಅನ್ನೋದಲ್ಲ. ಪ್ರಭು ಜೊತೆಗೆ ಇನ್ನೊಂದು ಸಣ್ಣ ಡೇಟಾ ಕೊಟ್ಟಿದ್ದಾರೆ, ಅದಕ್ಕೆ 'ಡಿಗ್-ಎಂನಿಸ್ಟ್' ಅಂತ ಹೆಸರು. ಬೇರೆ ಎಂಟು ಜನ, ಬೇರೆ ಪೆನ್ನು, ಬೇರೆ ಪುಸ್ತಕದ ಹಾಳೆ, ಬೇರೆ ಸ್ಕ್ಯಾನರ್, 10,240 ಚಿತ್ರ. ಮೊದಲ ಡೇಟಾದಲ್ಲಿ ಕಲಿತ ಮಾಡೆಲ್ ಅಲ್ಲಿನದೇ ಪರೀಕ್ಷೆಯಲ್ಲಿ ಸುಮಾರು 97 ಪರ್ಸೆಂಟ್ ತೆಗೆದರೆ, ಈ ಎಂಟು ಜನರ ಕೈಬರಹಕ್ಕೆ ಬಂದಾಗ ಸುಮಾರು 76ಕ್ಕೆ ಇಳಿಯಿತು ಅಂತ ಅವರೇ ತಮ್ಮ ಪ್ರಬಂಧದಲ್ಲಿ ಬರೆದುಕೊಂಡಿದ್ದಾರೆ. ನೂರಕ್ಕೆ ಮೂರು ತಪ್ಪು ಮಾಡುತ್ತಿದ್ದದ್ದು ಇಪ್ಪತ್ನಾಲ್ಕು ತಪ್ಪು ಮಾಡಿತು. ಅವೇ ಅಂಕಿ, ಅದೇ ಕನ್ನಡ. ತಾನು ಮಾಡಿದ ವಸ್ತು ಎಲ್ಲಿ ಮುಗ್ಗರಿಸುತ್ತೆ ಅಂತ ತಾನೇ ಅಳೆದು ಮೊದಲೇ ಹೇಳುವ ಪ್ರಾಮಾಣಿಕತೆ ಈ ರಂಗದಲ್ಲಿ ಅಪರೂಪ. ಆದರೆ ನಾನು ನೋಡಿದ ಟ್ಯುಟೋರಿಯಲ್‌ಗಳಲ್ಲಿ ಹೆಚ್ಚಿನವು ಈ ಎರಡನೇ ಫೈಲನ್ನು ತೆರೆಯೋದೇ ಇಲ್ಲ. ಮೊದಲ ಫೈಲಿನಲ್ಲಿ ತೊಂಬತ್ತೊಂಬತ್ತು ಬಂತು, ಸ್ಕ್ರೀನ್‌ಶಾಟ್ ತೆಗೆದರು, ಲಿಂಕ್ಡ್‌ಇನ್‌ಗೆ ಹಾಕಿದರು.

ಮೂಲ ಎಂನಿಸ್ಟ್‌ಗೂ ಇಂಥದ್ದೇ ಕಥೆ ಇದೆ. ಅದರ ಒಂದು ಭಾಗ ಅಮೆರಿಕದ ಜನಗಣತಿ ನೌಕರರು ಬರೆದದ್ದು, ಇನ್ನೊಂದು ಹೈಸ್ಕೂಲು ಮಕ್ಕಳು ಬರೆದದ್ದು. ಮೊದಲು ನೌಕರರ ಅಂಕಿಯಲ್ಲಿ ಕಲಿಸಿ ಮಕ್ಕಳ ಅಂಕಿಯಲ್ಲಿ ಪರೀಕ್ಷೆ ಮಾಡಲಿ ಅಂತಿತ್ತು. ನೌಕರರದ್ದು ಚೊಕ್ಕ, ಮಕ್ಕಳದ್ದು ಗೀಚು. ಹಾಗಾಗಿ ಯಾನ್ ಲೆಕುನ್ ಮತ್ತು ಜೊತೆಯವರು ಎರಡನ್ನೂ ಬೆರೆಸಿ ಈಗಿನ ಎಂನಿಸ್ಟ್ ಮಾಡಿದರು. ಬೆರೆಸಿದ್ದು ಅವರ ಕೆಲಸಕ್ಕೆ ಸರಿಯೇ. ಆದರೆ ಹೊಸಬ ಕಲಿಯಬೇಕಾದ ಪಾಠ ಆ ಬೆರಕೆಯಲ್ಲಿ ಕರಗಿಹೋಯ್ತು.

ಹಾಗಾದರೆ ಕನ್ನಡ-ಎಂನಿಸ್ಟ್ ಸಾಕೇ? ಇಲ್ಲ. ಅದನ್ನು ನಾನು ನಮ್ಮ ಅಜ್ಜನ ಲೆಕ್ಕದ ಪುಸ್ತಕದ ಮೇಲೆ ಬಿಟ್ಟು ನೋಡಿದೆ.

ನಮ್ಮೂರು ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಆಫೀಸಲ್ಲಿ ಇಂಗ್ಲಿಷು. ಆ ಸೀಮೆಯ ಅರ್ಧ ಮನೆಗಳ ಕಥೆ ಇದು. ಅಜ್ಜ ಕೂಲಿಮಠದಲ್ಲಿ ಕಲಿತಿದ್ದು ತೆಲುಗು. ಆಮೇಲೆ ಸೊಸೈಟಿ, ಮಾರ್ಕೆಟ್ಟು ಅಂತ ಓಡಾಡಿ ಕನ್ನಡ ಬರೆಯೋದು ರೂಢಿ ಆಯ್ತು. ಗೂಡಿನ ಲೆಕ್ಕದ ಪುಸ್ತಕದಲ್ಲಿ ಅವರ ಅಂಕಿಗಳು ಒಂದು ಸಾಲಲ್ಲಿ ಕನ್ನಡ, ಇನ್ನೊಂದರಲ್ಲಿ ತೆಲುಗು, ಆತುರದಲ್ಲಿದ್ದರೆ ಎರಡೂ. ಎಪ್ಪತ್ತು ಪುಟ ಫೋಟೋ ತೆಗೆದು ಒಂದೊಂದು ಅಂಕಿಯನ್ನೂ ಕತ್ತರಿಸಿ ಮಾಡೆಲ್‌ಗೆ ಕೊಟ್ಟೆ. ಆಗಿದ್ದು ಇಷ್ಟು. ಅಜ್ಜ 'ಹನ್ನೆರಡೂವರೆ ಕೆಜಿ' ಅಂತ ಬರೆಯಲು ಹನ್ನೆರಡರ ಮುಂದೆ ಎರಡು ಉದ್ದ ಗೀಟು ಎಳೆದಿದ್ದಾರೆ. ಒಂದು ಗೀಟು ಕಾಲು, ಎರಡು ಗೀಟು ಅರೆ, ಹಳೇ ಲೆಕ್ಕದ ಪದ್ಧತಿ. ಮಾಡೆಲ್‌ಗೆ ಗೊತ್ತಿರೋದು ಹತ್ತೇ ಉತ್ತರ. ಹನ್ನೊಂದನೆಯದು ಅದರ ಲೋಕದಲ್ಲೇ ಇಲ್ಲ. 'ಗೊತ್ತಿಲ್ಲ' ಅನ್ನುವ ಬಾಗಿಲೂ ಇಲ್ಲ. ಆ ಎರಡು ಗೀಟನ್ನು ನೋಡಿ ಅದು ಒಂದು ಕಡೆ ೪ ಅಂತು, ಇನ್ನೊಂದು ಕಡೆ ೬ ಅಂತು, ಎರಡೂ ಸಲ ತೊಂಬತ್ತಕ್ಕಿಂತ ಹೆಚ್ಚು ಖಾತ್ರಿಯಿಂದ. ಅರ್ಧ ಕೆಜಿ ಗೂಡು ಆರು ಕೆಜಿ ಆಗೋದಾದರೆ ನಾವೆಲ್ಲ ಇಷ್ಟೊತ್ತಿಗೆ ಬಂಗಲೆ ಕಟ್ಟಿರುತ್ತಿದ್ದೆವು.

ಇದು ಪ್ರಭು ಅವರ ತಪ್ಪಲ್ಲ. ಅವರು ಕೇಳಿದ್ದು ಹತ್ತು ಅಂಕಿ, ಜನ ಕೊಟ್ಟಿದ್ದು ಹತ್ತು ಅಂಕಿ. ಇನ್ನೂ ಒಂದು ಮಾತು ಒಪ್ಪಿಕೊಳ್ಳಬೇಕು: ಕನ್ನಡ ಅಂಕಿಯನ್ನು ನಾವು ದಿನಾ ಎಲ್ಲಿ ಬರೆಯುತ್ತೇವೆ? ಕೆಎ ೪೦ ಅಂತ ಸರ್ಕಾರಿ ಬಸ್ಸಿನ ಮೇಲೆ ಓದುತ್ತೇವೆ, ಗೋಡೆ ಕ್ಯಾಲೆಂಡರಿನಲ್ಲಿ ಓದುತ್ತೇವೆ, ಅಷ್ಟೇ. ಈ ಬರಹದಲ್ಲೂ ನಾನು 1936, 2019 ಅಂತ ಬರೆದಿದ್ದೇನೆಯೇ ಹೊರತು ೧೯೩೬ ಅಂತಲ್ಲ. ನಿಜವಾಗಿ ಕನ್ನಡ ಅಂಕಿ ಬರೆದು ಬದುಕಿದವರು ಅಜ್ಜನಂಥವರು. ಎ3 ಹಾಳೆಯ ಚೌಕದೊಳಗೆ ಅವರು ಬರುವುದಿಲ್ಲ.

ಇಲ್ಲಿ ಗೌರಿಬಿದನೂರಿನ ವಿಷಯ ಹೇಳಲೇಬೇಕು. ಪಿಯುಸಿ ಎರಡು ವರ್ಷ ನಾನು ಅಲ್ಲಿ ಅತ್ತೆಯ ಮನೆಯಲ್ಲಿದ್ದೆ. ಊರವರು 'ಭೂಕಂಪ ಸೆಂಟರ್' ಅಂತ ಕರೆಯುವ ಜಾಗ ಒಂದಿದೆ. ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದವರ ಭೂಕಂಪ ಮಾಪಕಗಳ ಸಾಲು, 1965ರಿಂದ ಇದೆ, ಬ್ರಿಟನ್ನಿನ ಸಹಕಾರದಲ್ಲಿ ಆಗಿದ್ದು. ಎಲ್ ಅಕ್ಷರದ ಆಕಾರದಲ್ಲಿ ಹೊಲ ಗುಡ್ಡಗಳ ನಡುವೆ ಮೈಲಿಗಟ್ಟಲೆ ಹರಡಿಕೊಂಡಿದೆ. ನಮಗೆ ಆಗ ಅದು ತಂತಿಬೇಲಿ ಮತ್ತು ಬೋರ್ಡು, ಅಷ್ಟೇ. ಅದರ ಕೆಲಸ ಏನು ಅಂತ ತಿಳಿದಿದ್ದು ಮೆಷಿನ್ ಲರ್ನಿಂಗ್ ಕಲಿತ ಮೇಲೆ: ದೂರದ ದೇಶದಲ್ಲಿ ನೆಲ ಅದುರಿದಾಗ ಅದು ಭೂಕಂಪವೋ, ನೆಲದಡಿ ಸಿಡಿಸಿದ ಅಣುಬಾಂಬೋ ಅಂತ ಗುರುತಿಸೋದು.

ಇದಕ್ಕಿಂತ ಒಳ್ಳೆಯ ಮೊದಲ ಪಾಠ ಯಾವುದಿದೆ ಹೇಳಿ! ಎರಡೇ ಗುಂಪು, ಬಾಂಬು ಅಥವಾ ಭೂಕಂಪ. ಭೂಕಂಪ ವಿಜ್ಞಾನಿಗಳು ಜಗತ್ತಿನಾದ್ಯಂತ ಬಳಸುವ ಒಂದು ಹಳೇ ಉಪಾಯದಲ್ಲಿ ಲಕ್ಷಣಗಳೂ ಎರಡೇ. ಭೂಮಿಯ ಒಡಲೊಳಗಿಂದ ಹಾದು ಬರುವ ಅಲೆಯ ಜೋರು ಎಷ್ಟು, ಮೇಲ್ಮೈಗುಂಟ ಬರುವ ಅಲೆಯ ಜೋರು ಎಷ್ಟು. ಒಡಲಿನ ಅಲೆ ಒಂದೇ ಸಮ ಇದ್ದರೂ ಬಾಂಬಿನಲ್ಲಿ ಮೇಲ್ಮೈ ಅಲೆ ಭೂಕಂಪದ್ದಕ್ಕಿಂತ ಕಡಿಮೆ ಇರುತ್ತೆ. ಗ್ರಾಫ್ ಹಾಳೆಯ ಮೇಲೆ ಒಂದನ್ನು ಅಡ್ಡ, ಒಂದನ್ನು ಉದ್ದ ಇಟ್ಟು ಚುಕ್ಕಿ ಹಾಕುತ್ತಾ ಹೋದರೆ ಎರಡು ಗುಂಪು ಕಾಣುತ್ತೆ, ನಡುವೆ ಸ್ಕೇಲಿಟ್ಟು ಒಂದು ಗೆರೆ ಎಳೆಯಬಹುದು. ಫಿಶರ್ ಹೂವಿಗೆ ಮಾಡಿದ್ದೂ ಇದನ್ನೇ. ಸಣ್ಣ ಸ್ಫೋಟಗಳು, ತುಂಬಾ ಆಳದ ಕಂಪನಗಳು ಬಂದಾಗ ಚುಕ್ಕಿಗಳು ಗೆರೆಯ ಹತ್ತಿರ ಕಲಸಿಹೋಗುತ್ತವೆ, ತಲೆನೋವು ಶುರುವಾಗೋದು ಅಲ್ಲಿ. ಇನ್ನು ಲೇಬಲ್? ಬಾಂಬು ಸಿಡಿಸಿದ ದೇಶ ತಾನಾಗಿ ಒಪ್ಪಿಕೊಂಡರೆ ಮಾತ್ರ ಖಚಿತ. ಒಪ್ಪದಿದ್ದರೆ ನಿಮ್ಮ ಗೆರೆಯೇ ಸಾಕ್ಷಿ. ಅಂಥ ಕೆಲಸ ನಡೆಯುವ ಬೇಲಿಯ ಪಕ್ಕದಲ್ಲಿ ಸೈಕಲ್ ತುಳಿದುಕೊಂಡು ಓಡಾಡಿದ ನಾನು, ವಿಂಗಡಣೆ ಅಂದರೇನು ಅಂತ ಕಲಿಯೋದಕ್ಕೆ ಕೆನಡಾದ ಹೂವಿನ ಹತ್ತಿರ ಹೋಗಬೇಕಾಯ್ತು.

ಈಗ ಹುಡುಗನ ವಿಷಯಕ್ಕೆ ಬರೋಣ. "ಹಾಗಾದ್ರೆ ಏನು ಮಾಡಲಿ ಹೇಳು" ಅಂತ ಅವನು ಕೇಳಿದ. ಕೆಲವು ಇಂಟರ್‌ವ್ಯೂಗಳಿಗೆ ಹೋಗಿ ಬಂದಿದ್ದಾನೆ. ಒಂದರಲ್ಲಿ, "ನಿಮ್ಮ ಡೇಟಾದಲ್ಲಿ ಲೇಬಲ್ ತಪ್ಪಿದ್ದರೆ ನಿಮಗೆ ಹೇಗೆ ಗೊತ್ತಾಗುತ್ತೆ?" ಅಂತ ಕೇಳಿದರಂತೆ. ಅವನು ಸುಮ್ಮನೆ ಕೂತನಂತೆ. ಕೋರ್ಸಿನಲ್ಲಿ ಲೇಬಲ್ ತಪ್ಪಾಗುವ ಪ್ರಸಂಗವೇ ಬಂದಿರಲಿಲ್ಲ.

ಫಾಸ್ಟ್ ಡಾಟ್ ಎಐ ಅನ್ನುವ ಇನ್ನೊಂದು ಪುಕ್ಕಟೆ ಕೋರ್ಸಿನ ದಾರಿ ನನಗೆ ಹೆಚ್ಚು ಹಿಡಿಸುತ್ತೆ. ಜೆರೆಮಿ ಹೋವರ್ಡ್ ಮತ್ತು ರೇಚಲ್ ಥಾಮಸ್ ಶುರು ಮಾಡಿದ್ದು. ಅಲ್ಲಿ ಮೊದಲೇ ಮಾಡೆಲ್ ಓಡಿಸಿ ತೋರಿಸುತ್ತಾರೆ, ಗಣಿತ ಆಮೇಲೆ ಬರುತ್ತೆ, ನಿಮ್ಮದೇ ಚಿತ್ರಗಳನ್ನು ತಂದು ಮಾಡಿ ಅನ್ನುತ್ತಾರೆ. ಈಜು ಕಲಿಸೋದಕ್ಕೆ ಬಾವಿಗೆ ತಳ್ಳುವ ನಮ್ಮೂರ ಪದ್ಧತಿ. ಒಂದೇ ತೊಡಕು, ಆ ಚಿತ್ರಗಳನ್ನು ಅಂತರ್ಜಾಲದಲ್ಲಿ ಹುಡುಕಿ ತರೋದು. ಹುಡುಕಿದ ಪದವೇ ಲೇಬಲ್ ಆಗಿಬಿಡುತ್ತೆ. ಹುಡುಗ 'ಗೂಡು' ಅಂತ ಹುಡುಕಿದ. ಬಂದಿದ್ದೆಲ್ಲ ಗುಬ್ಬಚ್ಚಿ ಗೂಡು.

ಅದಕ್ಕೇ ಹೇಳಿದೆ, ಮಾರ್ಕೆಟ್ಟಿಗೆ ಹೋಗುವ ಗೂಡನ್ನೇ ತಾ. ಚಿಕ್ಕಪ್ಪನ ಚಂದ್ರಿಕೆಯಿಂದ ಬಿಡಿಸಿದ ಗೂಡಿನಲ್ಲಿ ಇನ್ನೂರು ಎಣಿಸಿ ಇಟ್ಟುಕೊಂಡೆವು. ಅವನ ಆಸೆ ಏನಂದರೆ ಫೋಟೋ ನೋಡಿ 'ಒಳ್ಳೆಯದು, ಕೆಟ್ಟದ್ದು' ಹೇಳುವ ಆಪ್. ನನ್ನ ಷರತ್ತು ಒಂದೇ: ಒಂದು ಸಾಲು ಕೋಡ್ ಬರೆಯೋದಕ್ಕೆ ಮುಂಚೆ ಇಬ್ಬರು ಬೇರೆ ಬೇರೆಯಾಗಿ ವಿಂಗಡಿಸಬೇಕು. ಒಬ್ಬರು ಚಿಕ್ಕಪ್ಪ. ಇನ್ನೊಬ್ಬರು ಶಿಡ್ಲಘಟ್ಟದಲ್ಲಿ ನಮಗೆ ಪರಿಚಯದ ರೀಲರ್, ಮೂವತ್ತು ವರ್ಷದಿಂದ ನೂಲು ಬಿಚ್ಚುತ್ತಿರುವವರು.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ನೋಡದವರಿಗೆ ಒಂದೆರಡು ಮಾತು. ರೈತ ತಂದ ಗೂಡನ್ನು ಹರವಿ ಇಡುತ್ತಾರೆ, ಲಾಟಿಗೊಂದು ನಂಬರು. ರೀಲರುಗಳು ಬಂದು ಕೈಹಾಕಿ ನೋಡಿ ಹರಾಜು ಕೂಗುತ್ತಾರೆ. ಕೂಗುತ್ತಿದ್ದರು, ಈಗ ಮೊಬೈಲಲ್ಲಿ ಒತ್ತುತ್ತಾರೆ. ಆ ಕೈ ಹಾಕಿ ನೋಡುವ ಎರಡು ನಿಮಿಷದಲ್ಲಿ ಅವರು ಅಂದಾಜು ಮಾಡೋದು ಒಂದೇ: ಒಂದು ಕೆಜಿ ರೇಷ್ಮೆ ತೆಗೆಯಲು ಇಂಥ ಗೂಡು ಎಷ್ಟು ಕೆಜಿ ಬೇಕು. ಅದಕ್ಕೆ ರೆಂಡಿಟ್ಟಾ ಅನ್ನುತ್ತಾರೆ. ಆರು ಕೆಜಿ ಸಾಕಾದರೆ ಲಾಭ, ಎಂಟು ಒಂಬತ್ತಕ್ಕೆ ಹೋದರೆ ತಲೆ ಮೇಲೆ ಕೈ. ಆ ಅಂದಾಜು ಬೆಲೆಯಾಗಿ ಬೋರ್ಡಿನ ಮೇಲೆ ಬರುವಾಗ ಅದರಲ್ಲಿ ಇನ್ನೇನೇನೋ ಸೇರಿರುತ್ತೆ. ಅವತ್ತಿನ ನೂಲಿನ ದರ, ರೀಲರ್ ಕೈಯಲ್ಲಿರುವ ಕಾಸು, ನಿನ್ನೆ ರಾತ್ರಿಯ ಮಳೆ, ನಾಳೆ ಹಬ್ಬದ ರಜೆ. ಬೆಲೆಯನ್ನೇ ಗುಣಮಟ್ಟ ಅಂತ ತಿಳಿದು ಮಾಡೆಲ್‌ಗೆ ಕಲಿಸಿದರೆ ಅದು ಮಳೆಯನ್ನೂ ಹಬ್ಬವನ್ನೂ ಗೂಡಿನ ಗುಣ ಅಂತಲೇ ಕಲಿಯುತ್ತೆ.

ಭಾನುವಾರ ರೀಲರ್ ಮನೆಗೆ ಬಂದರು. ಗೂಡುಗಳ ಮೇಲೆ ನಂಬರು ಬರೆಯೋದು ಕಷ್ಟ ಅಂತ ಮೊಟ್ಟೆಯ ಟ್ರೇಗಳಲ್ಲಿ ಇಟ್ಟಿದ್ದೆವು. ಮೊದಲು ಚಿಕ್ಕಪ್ಪ ನೋಡಿ ಹೇಳಿದ್ದನ್ನು ಹುಡುಗ ಎಕ್ಸೆಲ್ಲಿಗೆ ಹಾಕಿಕೊಂಡಿದ್ದ. ಈಗ ಇವರ ಸರದಿ. ಊಜಿ ನೊಣ ತೂತು ಹೊಡೆದದ್ದು, ಎರಡು ಹುಳು ಸೇರಿ ಕಟ್ಟಿದ ಡಬಲ್ ಗೂಡು, ಇವುಗಳಲ್ಲಿ ಇಬ್ಬರದ್ದೂ ಒಂದೇ ಮಾತು. ಫೋಟೋದಲ್ಲಿ ಕಾಣುವಂಥವು ಅವು. ಉಳಿದದ್ದಕ್ಕೆ ಬಂದಾಗ ರೀಲರ್ ಫೋಟೋಗೆ ಸಿಗದ ಕೆಲಸ ಶುರು ಮಾಡಿದರು. ಹೆಬ್ಬೆರಳಿನಲ್ಲಿ ಒತ್ತಿ ಪೊರೆ ಗಟ್ಟಿ ಇದೆಯಾ ನೋಡಿದರು. ಕಿವಿ ಹತ್ತಿರ ಇಟ್ಟು ಅಲ್ಲಾಡಿಸಿದರು. ಒಳಗಿನ ಕೋಶ ಚೆನ್ನಾಗಿದ್ದರೆ ಲೊಡಲೊಡ ಅನ್ನುತ್ತೆ. ಸತ್ತು ಕರಗಿ ಅಂಟಿಕೊಂಡಿದ್ದರೆ ಸದ್ದೇ ಇಲ್ಲ, ಅಂಥದ್ದು ಬಿಸಿನೀರಿಗೆ ಹಾಕಿದಾಗ ನೂಲಿಗೆ ಕಲೆ. ಹುಡುಗ ಕ್ಯಾಮೆರಾ ಹಿಡಿದುಕೊಂಡು ಅವರ ಕಿವಿಯನ್ನೇ ನೋಡುತ್ತಾ ಕೂತ. ಇಪ್ಪತ್ತೆಂಟು ಪಿಕ್ಸೆಲ್ ಅಗಲ, ಇಪ್ಪತ್ತೆಂಟು ಪಿಕ್ಸೆಲ್ ಉದ್ದದ ಚಿತ್ರದಲ್ಲಿ ಲೊಡಲೊಡ ಎಲ್ಲಿಂದ ತರೋದು?

ಲೆಕ್ಕ ಹಾಕಿದಾಗ ಇನ್ನೂರರಲ್ಲಿ ಮೂವತ್ತೇಳು ಗೂಡಿಗೆ ಇಬ್ಬರೂ ಬೇರೆ ಬೇರೆ ಹೇಳಿದ್ದರು. ಆ ಮೂವತ್ತೇಳರಲ್ಲಿ ಹೆಚ್ಚಿನವನ್ನು ಚಿಕ್ಕಪ್ಪ ಒಳ್ಳೆಯದು ಅಂದಿದ್ದರು, ರೀಲರ್ ಎರಡನೇ ದರ್ಜೆ ಅಂದಿದ್ದರು. ಇದಕ್ಕೆ ಆಶ್ಚರ್ಯ ಪಡುವ ಹಾಗೇನಿಲ್ಲ. ಒಬ್ಬರು ಹುಳುವಿಗೆ ಸೊಪ್ಪು ಹಾಕಿ ನಡುರಾತ್ರಿ ಎದ್ದು ನೋಡಿದವರು, ಇನ್ನೊಬ್ಬರು ದುಡ್ಡು ಕೊಟ್ಟು ತೆಗೆದುಕೊಳ್ಳುವವರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಚಿಕ್ಕಪ್ಪನ ಪಟ್ಟಿಯಲ್ಲಿ ಕಲಿತ ಆಪ್ ರೈತನ ಪರ ವಾದ ಮಾಡುತ್ತೆ, ರೀಲರ್ ಪಟ್ಟಿಯಲ್ಲಿ ಕಲಿತದ್ದು ರೀಲರ್ ಪರ. ಎರಡಕ್ಕೂ 'ಎಐ ಹೇಳಿದೆ' ಅನ್ನುವ ಸೀಲು ಬೀಳುತ್ತೆ. ನಾಳೆ ಯಾವುದೋ ಕಂಪನಿ ಇಂಥ ಆಪ್ ತಂದು ಮಾರ್ಕೆಟ್ಟಿನಲ್ಲಿ ಇಟ್ಟರೆ ಚಿಕ್ಕಪ್ಪ ಕೇಳಬೇಕಾದ ಮೊದಲ ಪ್ರಶ್ನೆ ಆಕ್ಯುರಸಿ ಎಷ್ಟು ಅಂತಲ್ಲ, ಇದಕ್ಕೆ ಗೂಡು ತೋರಿಸಿಕೊಟ್ಟವರು ಯಾರು ಅಂತ.

ಹುಡುಗ ಕೇಳಿದ, "ಆ ಮೂವತ್ತೇಳನ್ನ ತೆಗೆದುಬಿಡೋಣಾ ಅಣ್ಣ? ಕ್ಲೀನ್ ಡೇಟಾ ಬೇಕು ಅಂದಿದ್ರು ಕೋರ್ಸಲ್ಲಿ."

ತೆಗೆದರೆ ಉಳಿದ ನೂರ ಅರವತ್ಮೂರರಲ್ಲಿ ತೊಂಬತ್ತೊಂಬತ್ತು ಪರ್ಸೆಂಟ್ ಬರುತ್ತೆ, ಖಂಡಿತ. ಐರಿಸ್ ಹೂವಿನ ಹಾಗೆ. ಆದರೆ ಮಾರ್ಕೆಟ್ಟಿನಲ್ಲಿ ಜಗಳ ಆಗೋದೇ ಆ ಮೂವತ್ತೇಳಕ್ಕೆ. ಊಜಿ ತೂತು ಹೇಳೋದಕ್ಕೆ ಯಾರಿಗೆ ಆಪ್ ಬೇಕು?

ಬೆಂಗಳೂರಲ್ಲಿ ಕೂತು ಇದನ್ನು ಓದುತ್ತಿರುವ ನಿಮಗೆ ಗೂಡು ಸಿಗಲಿಕ್ಕಿಲ್ಲ. ಅಪಾರ್ಟ್‌ಮೆಂಟಿನ ವಾಟರ್ ಟ್ಯಾಂಕರ್ ಲೆಕ್ಕ ಇದೆಯಲ್ಲ, ಸೆಕ್ಯೂರಿಟಿಯವರು ಬರೆದಿಡುವ ಪುಸ್ತಕ. ಆರು ಸಾವಿರ ಲೀಟರ್ ಅಂತ ಬರೆದದ್ದು ಆರು ಸಾವಿರವೇ ಆಗಿತ್ತಾ ಅಂತ ಒಂದು ತಿಂಗಳು ನೋಡಿ. ಲೀನಿಯರ್ ರಿಗ್ರೆಷನ್ ಆಮೇಲೆ ಕಲಿಯಬಹುದು, ಅದಕ್ಕೆ ಎರಡು ಸಂಜೆ ಸಾಕು. ಗಣಿತ ಬೇಡ ಅಂತ ನಾನು ಹೇಳುತ್ತಿಲ್ಲ. ಮ್ಯಾಟ್ರಿಕ್ಸು, ಸಂಭವನೀಯತೆ, ಸ್ವಲ್ಪ ಕಲನಶಾಸ್ತ್ರ ಬೇಕೇ ಬೇಕು, ಬಿಇ ಓದಿದವರೆಲ್ಲ ಪರೀಕ್ಷೆಗೆ ಓದಿ ಮರೆತಿದ್ದೇ ಅದು. ಮದ್ರಾಸ್ ಐಐಟಿಯ ಬಾಲರಾಮನ್ ರವೀಂದ್ರನ್ ಅವರ ಎನ್‌ಪಿಟಿಇಎಲ್ ಪಾಠಗಳು ಅದಕ್ಕೆ ಚೆನ್ನಾಗಿವೆ, ದುಡ್ಡೂ ಕೊಡಬೇಕಾಗಿಲ್ಲ. ಇಷ್ಟೆಲ್ಲ ಪುಕ್ಕಟೆ ಇರುವಾಗ 45,000 ಯಾವುದಕ್ಕೆ ಕೊಟ್ಟೆವು ಅಂತ ಚಿಕ್ಕಪ್ಪನಿಗೆ ನಾನು ಇನ್ನೂ ಬಿಡಿಸಿ ಹೇಳಿಲ್ಲ. ಹೇಳೋ ಧೈರ್ಯ ಇಲ್ಲ.

ಇದೆಲ್ಲ ಯಾಕೆ, ಈಗ ಚಾಟ್‌ಬಾಟ್ ಕೇಳಿದರೆ ಎಲ್ಲ ಹೇಳುತ್ತಲ್ಲ ಅಂತಲೂ ಅನ್ನುತ್ತಾರೆ. ಕೋಡ್ ಅದೇ ಬರೆದುಕೊಡುತ್ತೆ, ನಿಜ. ಹಾಗಿದ್ದ ಮೇಲೆ ಹೊಸಬನಿಗೆ ಉಳಿಯುವ ಕೆಲಸ ಟ್ರೇ ಮುಂದೆ ಕೂತು ಎಣಿಸೋದೇ ಅಲ್ಲವೇ?

ಆ ಮೂವತ್ತೇಳು ಗೂಡಿನ ತೀರ್ಮಾನ ಹೇಗೆ ಮಾಡೋದು ಅಂತ ರೀಲರನ್ನೇ ಕೇಳಿದೆವು. "ಅದಕ್ಕೇನು, ಬಿಚ್ಚಿ ನೋಡಿದ್ರೆ ಗೊತ್ತಾಗುತ್ತೆ" ಅಂದರು. ಒಂದೊಂದನ್ನೂ ಬೇರೆ ಬೇರೆ ಬಿಚ್ಚಿ ನೂಲು ಎಷ್ಟು ಬಂತು, ಎಲ್ಲಿ ತುಂಡಾಯ್ತು ನೋಡಬೇಕು. ಬಿಚ್ಚಿದ ಮೇಲೆ ಗೂಡು ಇರೋದಿಲ್ಲ. ಅಂದರೆ ನಿಜವಾದ ಲೇಬಲ್ ಸಿಗುವ ಹೊತ್ತಿಗೆ ವಸ್ತುವೇ ಮುಗಿದಿರುತ್ತೆ, ಹಾಗಾಗಿ ಎಲ್ಲ ಕೋನದಿಂದಲೂ ಫೋಟೋ ಮೊದಲೇ ತೆಗೆದಿಡಬೇಕು, ಅಲ್ಲಾಡಿಸಿದ ಸದ್ದನ್ನೂ ಮೊಬೈಲಲ್ಲಿ ಹಿಡಿದಿಡಬೇಕು ಅಂತ ಹುಡುಗ ತಾನಾಗಿಯೇ ಹೇಳಿದ. ಮುಂದಿನ ಭಾನುವಾರ ಅವರ ಫಿಲೇಚರಿಗೆ ಬರೋದಾಗಿ ಒಪ್ಪಿಕೊಂಡು ಗೂಡುಗಳನ್ನು ಒಂದು ಬಟ್ಟೆ ಚೀಲದಲ್ಲಿ ಹಾಕಿಟ್ಟ. ನಾನು ಬೆಂಗಳೂರಿಗೆ ಬಂದೆ.

ಶನಿವಾರ ಸಂಜೆ ಫೋನ್ ಮಾಡಿದ. ಚೀಲ ಬಿಚ್ಚಿ ನೋಡಿದರೆ ಅರ್ಧಕ್ಕರ್ಧ ಗೂಡು ತೂತಾಗಿ ಚಿಟ್ಟೆಗಳು ಹೊರಗೆ ಬಂದಿವೆ. ಮಾರ್ಕೆಟ್ಟಿನಿಂದ ತಂದ ಗೂಡನ್ನು ರೀಲರುಗಳು ಯಾಕೆ ಅಷ್ಟು ಆತುರದಲ್ಲಿ ಹಬೆಗೆ ಹಾಕುತ್ತಾರೆ ಅಂತ ರೇಷ್ಮೆ ಮನೆಯಲ್ಲೇ ಹುಟ್ಟಿ ಬೆಳೆದ ನಮಗಿಬ್ಬರಿಗೂ ಹೊಳೆದಿರಲಿಲ್ಲ.

"ಅಣ್ಣ, ಡೇಟಾಸೆಟ್ ಗೋಡೆ ಮೇಲೆ ಹರಿದಾಡ್ತಾ ಇದೆ" ಅಂದ. ಹಿಂದಿನಿಂದ ಚಿಕ್ಕಪ್ಪ ಬೈಯುತ್ತಿರೋದು ಕೇಳಿಸುತ್ತಿತ್ತು. ಮುಂದಿನ ಬೆಳೆಗೆ ಇನ್ನೂ ಇಪ್ಪತ್ತೈದು ದಿನ ಇದೆ, ಈ ಸಲ ನಾನೂರು ಗೂಡು ಎತ್ತಿಡೋದಾಗಿ ಹೇಳಿದ್ದಾನೆ. ಎಕ್ಸೆಲ್ಲಿನಲ್ಲಿ 'ಒಳ್ಳೆಯದು', 'ಎರಡನೇ ದರ್ಜೆ' ಜೊತೆಗೆ 'ಜಗಳ' ಅಂತ ಒಂದು ಹೊಸ ಕಾಲಂ ಈಗಲೇ ಮಾಡಿಟ್ಟಿದ್ದಾನೆ.